‘ಒಂಡರ್‌ವೆಯ್ಸ್’ ಪದದೊಳಗೆ ‘ಕೆಳಗೆ’ ಇಲ್ಲ

ಸಂಪಾದಕರಿಗೆ,

ನಮಸ್ಕಾರ. ಶಿಕ್ಷಕರ ದಿನದ ನಿಮಿತ್ತ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹವೊಂದರಲ್ಲಿ ಡಚ್ ಭಾಷೆಯ ‘ಒಂಡರ್‌ವೆಯ್ಸ್’ ಪದವನ್ನು ಬಿಡಿಸಿ ಅರ್ಥ ಹೇಳಲಾಗಿತ್ತು. ನೆದರ್ಲೆಂಡ್ಸಿನಲ್ಲಿ ಬೋಧನೆಗೂ ಒಟ್ಟು ಶಿಕ್ಷಣಕ್ಕೂ ಬಳಸುವ ಪದ ಅದು. ಒಂಡರ್ ಅಂದರೆ ಕೆಳಗೆ, ವೆಯ್ಸ್ ಅಂದರೆ ಜಾಣ, ಹಾಗಾಗಿ ಜಾಣರ ಕಾಲಡಿ ಕೂತು ಕಲಿಯುವುದೇ ಒಂಡರ್‌ವೆಯ್ಸ್, ನಮ್ಮ ‘ಉಪನಿಷತ್’ ಕೂಡ ಇದನ್ನೇ ಹೇಳುತ್ತದೆ ಎಂಬುದು ಅಲ್ಲಿನ ವಿವರಣೆ. ಕೇಳುವುದಕ್ಕೆ ಹಿತವಾಗಿದೆ. ಆದರೆ ಪದವನ್ನು ಬಿಡಿಸಿದ ಜಾಗ ತಪ್ಪಾಗಿದೆ. ಪತ್ರಿಕೆಯಲ್ಲಿ ಬಂದದ್ದು ಮರುದಿನವೇ ಸಾಲಿಯ ಪ್ರಾರ್ಥನೆಯ ಹೊತ್ತಿಗೆ ಮಕ್ಕಳ ಬಾಯಲ್ಲಿ ಬರುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ತಿದ್ದಬೇಕಾಗಿದೆ.

ಮೊದಲು ಕ್ರಿಯಾಪದ ನೋಡಬೇಕು. ಡಚ್ಚಿನಲ್ಲಿ ಕಲಿಸುವುದಕ್ಕೆ ‘ಒಂಡರ್‌ವೆಯ್ಜೆನ್’ ಎನ್ನುತ್ತಾರೆ. ಇಲ್ಲಿನ ಜ ಅಕ್ಷರವನ್ನು ಉರ್ದು ಬಲ್ಲವರು ‘ಜಮೀನು’ ಎನ್ನುವಾಗಿನ ಜ ಎಂದು ಓದಿಕೊಳ್ಳಿ. ಕೊನೆಯ ‘ಎನ್’ ಕ್ರಿಯಾಪದದ ಪ್ರತ್ಯಯ. ಅದನ್ನು ತೆಗೆದರೆ ನಾಮಪದ ಉಳಿಯುತ್ತದೆ. ಡಚ್ಚಿನಲ್ಲಿ ಪದದ ತುದಿಗೆ ಬಂದ ಜ ಗಟ್ಟಿಯಾಗಿ ಸ ಆಗುವುದು ನಿಯಮ. ‘ಲೇಜೆನ್’ ಎಂದರೆ ಓದುವುದು, ‘ನಾನು ಓದುತ್ತೇನೆ’ ಎನ್ನುವಲ್ಲಿ ಅದು ‘ಲೇಸ್’. ‘ಬೆವೆಯ್ಜೆನ್’ ಎಂದರೆ ರುಜುವಾತು ಮಾಡುವುದು, ‘ಬೆವೆಯ್ಸ್’ ಎಂದರೆ ರುಜುವಾತು. ಒಂಡರ್‌ವೆಯ್ಜೆನ್ ಒಂಡರ್‌ವೆಯ್ಸ್ ಆದದ್ದೂ ಹೀಗೆಯೇ. ತುದಿಯ ಸ ಅಕ್ಷರವನ್ನು ಕಂಡು ‘ಜಾಣ’ ಎಂಬರ್ಥದ ಗುಣವಾಚಕ ಇದರೊಳಗಿದೆ ಎಂದುಕೊಂಡದ್ದು ಮೊದಲ ಎಡವಟ್ಟು. ಉಳಿದದ್ದೆಲ್ಲ ಅದರ ಹಿಂದೆ ಬಂತು.

ಹಾಗಾದರೆ ‘ವೆಯ್ಜೆನ್’ ಏನು? ತೋರಿಸು, ಬೆರಳು ಮಾಡಿ ತೋರು ಎಂದರ್ಥ. ಇದರ ಮನೆತನ ದೊಡ್ಡದು. ಗಡಿಯಾರದ ಮುಳ್ಳಿಗೆ ‘ವೆಯ್ಜರ್’ ಎನ್ನುತ್ತಾರೆ, ಹೊತ್ತು ತೋರಿಸುವುದು. ಹಾದಿ ಕೂಡುವಲ್ಲಿ ನಿಲ್ಲಿಸುವ ದಾರಿಗಂಬಕ್ಕೆ ‘ವೆಖ್‌ವೆಯ್ಜರ್’. ಇನ್ನು ‘ವೆಯ್ಸ್‌ವಿಂಗರ್’ ಎಂದರೆ ಹೆಬ್ಬೆರಳ ಪಕ್ಕದ ಬೆರಳು. ಬರಹದಲ್ಲಿ ಬಿಡಿಸಿದಂತೆ ಬಿಡಿಸಿದರೆ ಅದು ‘ಜಾಣ ಬೆರಳು’ ಆಗಬೇಕಿತ್ತು. ಆದರೆ ಅದು ತೋರುವ ಬೆರಳು, ಅಚ್ಚಗನ್ನಡದ ‘ತೋರುಬೆರಳು’ ಹೇಗೋ ಹಾಗೆ. ಎರಡು ಭಾಷೆಗಳು ಸಂಬಂಧವಿಲ್ಲದೆಯೂ ಒಂದೇ ಕೆಲಸ ನೋಡಿ ಒಂದೇ ಹೆಸರಿಟ್ಟಿವೆ. ಸಂಸ್ಕೃತ ಅದೇ ಬೆರಳಿಗೆ ‘ತರ್ಜನಿ’ ಎಂದಿತು, ಗದರಿಸುವ ಬೆರಳು ಎಂದು. ಸಂಸ್ಕೃತದಲ್ಲಿಯೇ ‘ಪ್ರದೇಶಿನಿ’ ಎಂಬ ಇನ್ನೊಂದು ಹೆಸರೂ ಇದೆ, ಅದು ಮತ್ತೆ ತೋರುವ ಬೆರಳೇ. ಪಾಠ ಹೇಳುವವರ ಬೆರಳಿಗೆ ಈ ಎರಡು ಹೆಸರುಗಳಲ್ಲಿ ಪ್ರದೇಶಿನಿಯೇ ಸಲ್ಲಬೇಕು ಎಂಬುದು ನಮ್ಮ ಅಭಿಪ್ರಾಯ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ‘ಜಾಣ’ ಎಂಬ ಗುಣವಾಚಕಕ್ಕೂ ವೆಯ್ಜೆನ್‌ಗೂ ರಕ್ತಸಂಬಂಧ ಇದೆ. ಡಚ್, ಜರ್ಮನ್, ಇಂಗ್ಲಿಷ್‌ಗಳ ಪೂರ್ವಜ ಭಾಷೆಯಾದ ಹಳೆಯ ಜರ್ಮಾನಿಕ್‌ನಲ್ಲಿ ‘ತಿಳಿದವನು’ ಎಂಬ ಪದದಿಂದಲೇ ‘ತಿಳಿದವನನ್ನಾಗಿ ಮಾಡು’ ಎಂಬ ಕ್ರಿಯಾಪದ ಹುಟ್ಟಿ, ಅದು ‘ತೋರಿಸು’ ಎಂಬ ಅರ್ಥಕ್ಕೆ ಬಂದು ನಿಂತಿತು. ಕನ್ನಡದಲ್ಲಿ ‘ತಿಳಿ’ಗೆ ‘ಇಸು’ ಹಚ್ಚಿದರೆ ‘ತಿಳಿಸು’ ಆಗುವಂತೆ. ಇನ್ನೂ ಹಿಂದಕ್ಕೆ ಹೋದರೆ ಸಿಗುವುದು ‘ನೋಡು, ಅರಿ’ ಎಂಬರ್ಥದ ಮೂಲಧಾತು. ಸಂಸ್ಕೃತದಲ್ಲಿ ಅದು ‘ವಿದ್’. ವಿದ್ಯೆ, ವೇದ, ವಿದ್ವಾಂಸ ಬಂದದ್ದು ಅಲ್ಲಿಂದ. ಲ್ಯಾಟಿನ್ನಿನ ‘ವಿಡೇರೆ’, ಅಂದರೆ ನೋಡು, ಅದೂ ಅದೇ ಧಾತು. ನಾವು ದಿನಾ ಹೇಳುವ ‘ವಿಡಿಯೊ’ ಅದರ ಕುಡಿ. ಅಂದರೆ ಡಚ್ಚರ ಒಂಡರ್‌ವೆಯ್ಸ್‌ಗೂ ನಮ್ಮ ವಿದ್ಯೆಗೂ ನಂಟು ನಿಜವಾಗಿಯೂ ಇದೆ. ಬರಹದಲ್ಲಿ ಅದನ್ನು ಉಪನಿಷತ್ತಿನಲ್ಲಿ ಹುಡುಕಲಾಯಿತು, ಇರುವುದು ವಿದ್ಯೆಯಲ್ಲಿ.

ಈಗ ‘ಒಂಡರ್’. ತೊಡಕು ಇರುವುದೇ ಇಲ್ಲಿ. ಡಚ್ಚಿನ ಒಂಡರ್, ಜರ್ಮನ್ನಿನ ಉಂಟರ್, ಇಂಗ್ಲಿಷಿನ ಅಂಡರ್, ಇವು ಒಂದೇ ಪದದಂತೆ ಕಂಡರೂ ಒಳಗೆ ಎರಡು ಹಳೆಯ ಪದಗಳು ಕೂಡಿಕೊಂಡಿವೆ. ಒಂದರ ಅರ್ಥ ಕೆಳಗೆ, ಇನ್ನೊಂದರ ಅರ್ಥ ನಡುವೆ. ಸಂಸ್ಕೃತದಲ್ಲಿ ಇವೆರಡೂ ಬೇರೆ ಬೇರೆಯಾಗಿಯೇ ಉಳಿದವು. ಕೆಳಗೆ ಎಂಬುದು ‘ಅಧರ’. ಕೆಳತುಟಿಗೆ ಅಧರ ಎನ್ನುವುದು ಅದರಿಂದಲೇ, ಅಧೋಗತಿಯಲ್ಲಿರುವ ‘ಅಧಃ’ ಅದರ ಬಳಗದ್ದು. ನಡುವೆ, ಒಳಗೆ ಎಂಬುದು ‘ಅಂತರ್’. ಲ್ಯಾಟಿನ್ನಿನಲ್ಲಿಯೂ ಕೆಳಗಿನದು ‘ಇನ್‌ಫ್ರಾ’, ನಡುವಿನದು ‘ಇಂಟರ್’. ಜರ್ಮಾನಿಕ್ ಭಾಷೆಗಳಲ್ಲಿ ಮಾತ್ರ ಇವೆರಡೂ ಸವೆದು ಒಂದೇ ಆದವು.

ಅದು ಆದದ್ದು ಹೇಗೆಂದರೆ, ಸಂಸ್ಕೃತ, ಲ್ಯಾಟಿನ್, ಜರ್ಮಾನಿಕ್ ಮೂರಕ್ಕೂ ಮೂಲವಾದ ಭಾಷೆಯ ಧ ಜರ್ಮಾನಿಕ್‌ನಲ್ಲಿ ಸವೆದು ದ ಆಗುತ್ತದೆ. ಮೂಲದ ತ ಮಾತ್ರ ಇಂಗ್ಲಿಷಿನ ‘ಥ್ರೀ’ಯಲ್ಲಿರುವ ಉಸಿರು ಹರಿಯುವ ಥ ಆಗಬೇಕು. ಸಂಸ್ಕೃತದ ‘ತ್ರಿ’ ಅಲ್ಲಿ ‘ಥ್ರೀ’ ಆದದ್ದು ಹಾಗೆ. ಇದು 1822ರಲ್ಲಿ ಜರ್ಮನಿಯ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ ವಿವರಿಸಿದ ನಿಯಮ. ಆದರೆ ಎಷ್ಟೋ ಪದಗಳಲ್ಲಿ ಥ ಇರಬೇಕಾದಲ್ಲಿ ದ ಸಿಗುತ್ತಿತ್ತು, ಯಾಕೆಂದು ತಿಳಿದಿರಲಿಲ್ಲ. 1875ರಲ್ಲಿ ಡೆನ್ಮಾರ್ಕಿನ ಕಾರ್ಲ್ ವೆರ್ನರ್ ಅದನ್ನು ಬಿಡಿಸಿದ. ಸ್ವರದ ಒತ್ತು ಆ ವ್ಯಂಜನದ ಹಿಂದಿನ ಅಕ್ಷರದ ಮೇಲೆ ಬೀಳದಿದ್ದರೆ, ಪದದ ನಡುವಿನ ಥ ಮೆತ್ತಗಾಗಿ ದ ಕಡೆಗೆ ಹೋಗುತ್ತದೆ. ಆ ಒತ್ತು ಎಲ್ಲಿತ್ತೆಂದು ತೋರಿಸಿಕೊಡಲು ವೇದದ ಉದಾತ್ತ ಸ್ವರವೇ, ಅಂದರೆ ಏರುದನಿಯೇ, ಸಾಕ್ಷಿಯಾಯಿತು. ‘ಅಂತರ್’ ಬಗೆಯ ಪದದಲ್ಲಿ ಒತ್ತು ಎರಡನೆಯ ಅಕ್ಷರದ ಮೇಲೆ. ಹಾಗಾಗಿ ಅದರ ತ ಕೊನೆಗೆ ದ ಆಯಿತು. ಅತ್ತ ‘ಅಧರ’ದ ಬಳಗದ ಧ ಕೂಡ ದ ಆಗಿತ್ತು. ಎರಡೂ ಒಂದೇ ದನಿಯಲ್ಲಿ ಬಂದು ನಿಂತವು. ಕಿವಿಗೆ ಒಂದೇ, ಅರ್ಥ ಎರಡು.

ಒಂಡರ್‌ವೆಯ್ಜೆನ್‌ನಲ್ಲಿ ಇವೆರಡರಲ್ಲಿ ಯಾವುದಿದೆ ಎಂಬುದನ್ನು ಅದರ ಒಡನಾಡಿಗಳ ನಡುವೆ ಇಟ್ಟು ನೋಡಬೇಕು. ‘ಒಂಡರ್‌ಬ್ರೇಕೆನ್’ ನಡುವೆ ತುಂಡರಿಸು, ಮಾತಿಗೆ ಅಡ್ಡ ಬರು. ‘ಒಂಡರ್‌ಹಾಂಡೆಲೆನ್’ ಇಬ್ಬರ ನಡುವೆ ಮಾತುಕತೆ ನಡೆಸು. ‘ಒಂಡರ್‌ಲಿಂಗ್’ ತಮ್ಮತಮ್ಮಲ್ಲಿ. ಇವುಗಳಲ್ಲಿ ಎಲ್ಲಿಯೂ ಕೆಳಗೆ ಇಲ್ಲ. ತೋರಿಸುವ ಕೆಲಸಕ್ಕೂ ‘ನಡುವೆ’ ಹೊಂದುತ್ತದೆ, ‘ಕೆಳಗೆ’ ಹೊಂದುವುದಿಲ್ಲ. ಇಂಗ್ಲಿಷಿನ ‘ಅಂಡರ್‌ಸ್ಟ್ಯಾಂಡ್’ ಪದವನ್ನೂ ಕೆಳಗೆ ನಿಲ್ಲುವುದು ಎಂದು ಬಿಡಿಸುವವರಿದ್ದಾರೆ. ಅಲ್ಲಿಯೂ ವಿಷಯದ ನಡುವೆ, ಅದರ ಹತ್ತಿರ ನಿಲ್ಲುವುದು ಎಂಬ ಅರ್ಥವೇ ಹೆಚ್ಚು ಒಪ್ಪುವಂಥದ್ದು.

ಕೆಲವರು ಒತ್ತು ನೋಡಿದರೆ ಸಾಕು ಎನ್ನುತ್ತಾರೆ. ‘ಒಂಡರ್‌ಡಯ್ಕೆನ್’, ಅಂದರೆ ನೀರಿನ ಕೆಳಗೆ ಮುಳುಗು ಎನ್ನುವಲ್ಲಿ ಒತ್ತು ಒಂಡರ್ ಮೇಲಿದ್ದು ವಾಕ್ಯದಲ್ಲಿ ಅದು ಬಿಟ್ಟು ನಿಲ್ಲುತ್ತದೆ, ಒಂಡರ್‌ವೆಯ್ಜೆನ್‌ನಲ್ಲಿ ಒತ್ತು ವೆಯ್ ಮೇಲಿದ್ದು ಪದ ಬಿಡುವುದಿಲ್ಲ, ಇದು ನಿಜ. ಆದರೆ ಒತ್ತು ಒಂದನ್ನೇ ನಂಬಬಾರದು. ‘ಒಂಡರ್‌ಟೇಕೆನೆನ್’, ಅಂದರೆ ಸಹಿ ಮಾಡು, ಅದರಲ್ಲಿಯೂ ಒಂಡರ್ ಬಿಡುವುದಿಲ್ಲ, ಅರ್ಥ ಮಾತ್ರ ಕಾಗದದ ಕೆಳಗೆ ಗುರುತು ಹಾಕು ಎಂದೇ. ನಿಯಮ ಅರ್ಧ ದಾರಿ ಕರೆದೊಯ್ಯುತ್ತದೆ, ಉಳಿದರ್ಧಕ್ಕೆ ಅರ್ಥವನ್ನೇ ಕೇಳಬೇಕು.

ಉಪನಿಷತ್ತಿನ ಹೋಲಿಕೆಯೂ ಅಲ್ಲಿಗೆ ಕೂಡುವುದಿಲ್ಲ. ‘ಉಪ’ ಅಂದರೆ ಹತ್ತಿರ. ಅದರ ಅಕ್ಕತಂಗಿಯರಾದ ಗ್ರೀಕಿನ ‘ಹ್ಯುಪೊ’, ಲ್ಯಾಟಿನ್ನಿನ ‘ಸುಬ್’ ಕೆಳಗೆ ಎನ್ನುತ್ತವೆ ಎಂಬುದು ಸರಿ. ಆದರೆ ಸಂಸ್ಕೃತದಲ್ಲಿ ಹತ್ತಿರ ಎಂಬ ಅರ್ಥವೇ ಬೆಳೆಯಿತು. ಉಪಸರ್ಗದ ಅರ್ಥವನ್ನು ಆಯಾ ಭಾಷೆಯಲ್ಲಿಯೇ ಕೇಳಬೇಕೇ ಹೊರತು ನೆಂಟರ ಮನೆಯಲ್ಲಲ್ಲ. ಶಿಷ್ಯನಿಗೆ ಇನ್ನೊಂದು ಹಳೆಯ ಹೆಸರು ‘ಅಂತೇವಾಸಿ’. ಬಳ್ಳಾರಿಗೆ ನೆರೆಯಾದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ, ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕು ಎಂಬ ಮಾತಿದೆ. ಕಿವಿಗೆ ಅದು ‘ಅಂತ್ಯ’ದಂತೆ ಕೇಳಿಸಿ, ಕೊನೆಯವರೆಗೂ ವಾಸಿಸುವವನು ಎಂದು ಹೇಳುವವರಿದ್ದಾರೆ. ‘ಅಂತೇ’ ಎಂದರೆ ಸಮೀಪದಲ್ಲಿ. ಹತ್ತಿರ ಇರುವವನು, ಅಷ್ಟೇ. ಮೇಲೆ ಹೇಳಿದ ಅಂತರ್‌ಗೂ ಇದಕ್ಕೂ ಸಂಬಂಧ ಕಟ್ಟಬಾರದು, ಅದರ ಬೇರು ಬೇರೆ.

ಡಚ್ಚಿನಲ್ಲಿ ಕಲಿಕೆಗೆ ಇನ್ನೊಂದು ಪದ ‘ಲೇರೆನ್’. ವಿಶೇಷವೆಂದರೆ ಕಲಿ, ಕಲಿಸು ಎರಡಕ್ಕೂ ಅವರು ಇದನ್ನೇ ಬಳಸುತ್ತಾರೆ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು. ಕನ್ನಡಕ್ಕೆ ‘ಇಸು’ ಇರುವುದರಿಂದ ಆ ಗೊಂದಲ ನಮಗಿಲ್ಲ. ಇದರಿಂದ ಹುಟ್ಟಿದ ಸಮಾಸಗಳು ಹಲವು: ‘ಲೇರ್‌ಮೇಸ್ಟರ್’ ಗುರು, ‘ಲೇರ್‌ಕ್ರಖ್ಟ್’ ಶಿಕ್ಷಕ, ಅಕ್ಷರಶಃ ಕಲಿಸುವ ಬಲ, ‘ಲೇರ್‌ಪ್ಲಿಖ್ಟ್’ ಕಡ್ಡಾಯ ಶಿಕ್ಷಣ. ಆ ಕಾಯ್ದೆ 1900ರಲ್ಲಿ ಅಲ್ಲಿನ ಕೆಳಮನೆಯಲ್ಲಿ 50ಕ್ಕೆ 49 ಮತಗಳಿಂದ, ಒಂದೇ ಮತದ ಅಂತರದಲ್ಲಿ ಪಾಸಾಯಿತು. ಇಲ್ಲಿಯೂ ಒಂದು ಹಳ್ಳ ಇದೆ. ಡಚ್ಚಿನಲ್ಲಿ ‘ಲೇರ್’ ಅಂದರೆ ಚರ್ಮ ಕೂಡ. ಅದು ‘ಲೇಡರ್’ ಎಂಬುದು ಸವೆದು ಆದ ರೂಪ, ಇಂಗ್ಲಿಷಿನ ‘ಲೆದರ್’ನ ನೆಂಟ. ಹಳೆಯ ರೂಪ ನೋಡದೆ ಬಿಡಿಸಿದರೆ ‘ಲೇರ್‌ಮೇಸ್ಟರ್’ ಚರ್ಮ ಹದ ಮಾಡುವವನಾಗುತ್ತಾನೆ.

ಲೇರೆನ್‌ನ ಬೇರು ನಮ್ಮ ಎರೆಹೊಲದವರಿಗೆ ಚೆನ್ನಾಗಿ ತಿಳಿಯುವಂಥದ್ದು. ಅದರ ಮೂಲಧಾತುವಿನ ಅರ್ಥ ಜಾಡು, ನೇಗಿಲ ಸಾಲು. ಲ್ಯಾಟಿನ್ನಿನಲ್ಲಿ ‘ಲೀರಾ’ ಎಂದರೆ ಉಳುಮೆಯ ಸಾಲು. ‘ಡೆ’ ಎಂಬ ಉಪಸರ್ಗ ಹಚ್ಚಿ ‘ಡೆಲೀರಾರೆ’ ಎಂದರೆ ಸಾಲು ತಪ್ಪಿ ಹೋಗು, ಅದರಿಂದ ಬುದ್ಧಿ ಕೆಡು. ಜ್ವರ ತಲೆಗೇರಿ ಬಡಬಡಿಸುವುದಕ್ಕೆ ವೈದ್ಯರು ‘ಡೆಲಿರಿಯಮ್’ ಎನ್ನುವುದು ಅದಕ್ಕೇ. ಹತ್ತಿ ಹೊಲದಲ್ಲಿ ಎಡೆಕುಂಟೆ ಹೊಡೆಯುವಾಗ ಎತ್ತು ಒಂದು ಹೆಜ್ಜೆ ಸಾಲು ಬಿಟ್ಟರೆ ಕಳೆಯ ಬದಲು ಬೆಳೆಯೇ ಕಿತ್ತು ಬರುತ್ತದೆ. ಕುಂಟೆ ಹಿಡಿದವರು ಕಣ್ಣನ್ನು ಮುಂದಿನ ಸಾಲಿನ ಮೇಲೆಯೇ ಇಟ್ಟಿರುತ್ತಾರೆ. ಜಾಡು ಹಿಡಿದು ಹೋದವನಿಗೆ ಗೊತ್ತು, ಜಾಡಿನಲ್ಲಿ ನಡೆಸಿದವನು ಕಲಿಸಿದ ಎಂಬ ದಾರಿಯಲ್ಲಿ ಈ ಪದದ ಅರ್ಥ ಬೆಳೆಯಿತು.

ಇದನ್ನು ಓದಿದವರಿಗೆ ತಕ್ಷಣ ಒಂದು ಆಸೆ ಹುಟ್ಟುತ್ತದೆ. ರಾಯಚೂರು, ಕೊಪ್ಪಳದ ಕಡೆ ಶಾಲೆಗೆ ‘ಸಾಲಿ’ ಎನ್ನುತ್ತೇವೆ, ಈ ಸಾಲಿಗೂ ನೇಗಿಲ ಸಾಲಿಗೂ ಸಂಬಂಧ ಇದ್ದೇ ಇರಬೇಕು ಎಂದು. ಇಲ್ಲ. ಸಾಲಿ ಬಂದದ್ದು ಸಂಸ್ಕೃತದ ‘ಶಾಲಾ’ದಿಂದ, ಅರ್ಥ ಮನೆ, ಕೊಟ್ಟಿಗೆ. ಪಾಠ, ಗೋ, ಅಶ್ವ ಏನು ಬೇಕಾದರೂ ಅದರ ಹಿಂದೆ ಸೇರುತ್ತದೆ. ‘ಸಾಲು’ ಅಚ್ಚಗನ್ನಡ. ಕಿವಿ ಎರಡನ್ನೂ ಪಕ್ಕಪಕ್ಕ ಕೂರಿಸುತ್ತದೆ, ಚರಿತ್ರೆ ಕೂರಿಸುವುದಿಲ್ಲ. ಡಚ್ ಪದಕ್ಕೆ ನಿಜವಾದದ್ದು ನಮ್ಮ ಪದಕ್ಕೆ ನಿಜವಾಗಬೇಕೆಂದಿಲ್ಲ.

ನಮ್ಮ ಕಡೆ ಕಲಿಕೆಯ ಪದಗಳಿಗೆ ಬರವಿಲ್ಲ. ಗರಡಿಗೂ ನಾಟಕದ ಅಭ್ಯಾಸಕ್ಕೂ ಹೇಳುವ ‘ತಾಲೀಮು’ ಅರಬ್ಬಿಯ ‘ತಅಲೀಮ್’. ತಿಳಿ ಎಂಬ ಧಾತುವಿನ ನಡು ವ್ಯಂಜನವನ್ನು ಇಮ್ಮಡಿಸಿ ‘ತಿಳಿಯುವಂತೆ ಮಾಡು’ ಎಂಬರ್ಥ ತಂದುಕೊಂಡ ಕ್ರಿಯೆಯ ನಾಮಪದ. ‘ಅಧ್ಯಾಪಕ’ ಕೂಡ ‘ಅಧ್ಯಯನ’ದ ಪ್ರೇರಣಾರ್ಥಕವೇ, ಅಧ್ಯಯನ ಮಾಡಿಸುವವನು. ‘ಉಪದೇಶ’ದ ಧಾತು ‘ದಿಶ್’, ಅರ್ಥ ತೋರು. ದಿಕ್ಕು, ನಿರ್ದೇಶನ, ಮೇಲೆ ಹೇಳಿದ ಪ್ರದೇಶಿನಿ ಅದರ ಮಕ್ಕಳು. ಇಂಗ್ಲಿಷಿನ ‘ಟೀಚ್’ ಅದೇ ಮೂಲಧಾತುವಿನದು, ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ತೋರಿಸು ಎಂಬುದೇ ಅರ್ಥ. ಇನ್ನು ‘ಶಿಕ್ಷಣ’. ಬಲ್ಲವನಾಗು, ಸಮರ್ಥನಾಗು ಎಂಬ ‘ಶಕ್’ ಧಾತುವಿಗೆ ಬಯಕೆಯ ಅರ್ಥದ ಪ್ರತ್ಯಯ ಹಚ್ಚಿದರೆ ‘ಶಿಕ್ಷ್’ ಆಗುತ್ತದೆ, ಬಲ್ಲವನಾಗಲು ಬಯಸು ಎಂದು. ಅಂಥ ಧಾತುವಿನಿಂದ ಹುಟ್ಟಿದ ‘ಶಿಕ್ಷೆ’ ಕನ್ನಡದಲ್ಲಿ ದಂಡನೆಯಾಗಿ ಉಳಿದದ್ದು ನೋವಿನ ಸಂಗತಿ.

ಪದ ಬಿಡಿಸುವ ಇಂಥ ತಪ್ಪು ಹೊಸದಲ್ಲ, ಹೊರಗಿನದೂ ಅಲ್ಲ. ‘ವಿಧವೆ’ ಪದವನ್ನು ‘ವಿ’ ಮತ್ತು ‘ಧವ’ ಎಂದು ಒಡೆದು, ಧವ ಎಂದರೆ ಗಂಡ ಎಂದು ಹೇಳುತ್ತಾರೆ. ಆದರೆ ಲ್ಯಾಟಿನ್ನಿನ ‘ವಿದುವಾ’, ಡಚ್ಚಿನ ‘ವೇಡುವೆ’, ಇಂಗ್ಲಿಷಿನ ‘ವಿಡೊ’ ಎಲ್ಲವೂ ಇದೇ ಪದ, ಅವುಗಳಲ್ಲಿ ‘ಗಂಡ’ ಎಲ್ಲಿಯೂ ಇಲ್ಲ. ತಪ್ಪು ಜಾಗದಲ್ಲಿ ಒಡೆದ ಮೇಲೆ ಉಳಿದ ಚೂರೇ ‘ಧವ’ ಎಂಬ ಪದವಾಗಿ ಬಾಳಿತು. ‘ಗುರು’ವನ್ನು ‘ಗು’ ಕತ್ತಲೆ, ‘ರು’ ಅದನ್ನು ಕಳೆಯುವವನು ಎಂದು ಬಿಡಿಸುವುದು ಸಾಂಪ್ರದಾಯಿಕ ನಿರ್ವಚನ. ಅದಕ್ಕೆ ತನ್ನದೇ ಗೌರವವಿದೆ, ಭಕ್ತಿಯ ಅರ್ಥವಾಗಿ ಹೇಳಲಿ. ಪದದ ಚರಿತ್ರೆ ಎಂದು ಹೇಳುವಾಗ ಮಾತ್ರ ಗುರು ಎಂದರೆ ಭಾರ, ಲಘುವಿಗೆ ಎದುರು ಎಂದೇ ಹೇಳಬೇಕು. ಛಂದಸ್ಸಿನಲ್ಲಿ ಮಕ್ಕಳು ದಿನಾ ಪ್ರಸ್ತಾರ ಹಾಕುವ ಗುರುವೂ ಅದೇ. ಲ್ಯಾಟಿನ್ನಿನ ‘ಗ್ರಾವಿಸ್’ ಅದರ ನೆಂಟ.

ತರಗತಿಯಲ್ಲಿ ಇದನ್ನು ಒಂದು ಪಿರಿಯಡ್‌ನಲ್ಲಿ ಮಾಡಿಸಬಹುದು. ಸಮಾಸದ ಪಾಠ ಮುಗಿದ ಮೇಲೆ ಮಾಡಿಸಿದರೆ ಒಳ್ಳೆಯದು, ವಿಗ್ರಹವಾಕ್ಯ ಬರೆಯುವುದು ರೂಢಿಯಾಗಿರುತ್ತದೆ. ಆರೇ ಪದ ಸಾಕು: ತೋರುಬೆರಳು, ಹೆದ್ದಾರಿ, ವಿದ್ಯಾರ್ಥಿ, ವಿದ್ಯುತ್, ಅಂತರ್ಜಲ, ಕೊಪ್ಪಳ. ಮೊದಲು ಮಕ್ಕಳು ತಮಗೆ ತೋಚಿದಂತೆ ಒಡೆಯಲಿ, ತಪ್ಪಾದರೂ ಅಳಿಸಬೇಡಿ. ಆಮೇಲೆ ಪ್ರತಿ ಚೂರಿಗೂ ಅದೇ ಅರ್ಥದಲ್ಲಿ ಬಳಕೆಯಾಗುವ ಇನ್ನೆರಡು ಪದ ತರಲು ಹೇಳಿ. ‘ಹೆ’ ಎಂಬ ಚೂರಿಗೆ ಹೆಬ್ಬೆರಳು, ಹೆಮ್ಮರ ಸಿಗುತ್ತವೆ, ಆಗ ‘ಹಿರಿದು’ ತಾನಾಗಿ ಹೊರಬರುತ್ತದೆ. ‘ವಿದ್ಯುತ್’ ಪದದಲ್ಲಿ ಹೆಚ್ಚಿನವರು ವಿದ್ಯೆಯ ‘ವಿದ್’ ಎಂದೇ ಒಡೆಯುತ್ತಾರೆ. ಅದು ‘ವಿ’ ಮತ್ತು ‘ದ್ಯುತ್’, ಹೊಳೆ ಎಂಬ ಧಾತು. ದ್ಯುತಿ ಎಂಬ ಪದ ತಂದು ಪಕ್ಕದಲ್ಲಿಟ್ಟರೆ ಗೆರೆ ಎಲ್ಲಿ ಎಳೆಯಬೇಕೆಂದು ಮಕ್ಕಳಿಗೇ ಕಾಣುತ್ತದೆ. ‘ವಿಧ್ಯಾರ್ಥಿ’ ಎಂದು ಧ ಹಾಕಿ ಬರೆಯುವ ತಪ್ಪೂ ಇಲ್ಲಿಯೇ ಹೋಗುತ್ತದೆ. ಧ ಇರುವುದು ವಿಧಿ, ವಿಧಾನಗಳಲ್ಲಿ, ಅವುಗಳ ಧಾತು ‘ಧಾ’. ವಿದ್ಯೆಯದು ‘ವಿದ್’, ಅದರಲ್ಲಿ ಮಹಾಪ್ರಾಣ ಇಲ್ಲ. ‘ಅಂತರ್ಜಲ’ ನೆಲದ ಕೆಳಗೆ ಇರುವುದರಿಂದ ಮಕ್ಕಳು ‘ಕೆಳಗಿನ ನೀರು’ ಎನ್ನುತ್ತಾರೆ. ಇರುವ ಜಾಗ ಕೆಳಗೆ, ಪದ ಹೇಳುವುದು ಒಳಗೆ. ಡಚ್ಚಿನ ಒಂಡರ್‌ನಲ್ಲಿ ಆದ ಗೊಂದಲಕ್ಕೂ ಇದಕ್ಕೂ ಎಷ್ಟು ಹೋಲಿಕೆ ಇದೆ ನೋಡಿ.

‘ಕೊಪ್ಪಳ’ವನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ಮೈಸೂರು ಸೀಮೆಯ ‘ಕೊಪ್ಪಲು’ ಎಂಬ ಪದ ನೆನಪಾಗಿ ಸಣ್ಣ ಹಳ್ಳಿ ಎಂದು ಬಿಡಿಸುವುದು ಬಹಳ ಸುಲಭ. ಆದರೆ 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ಸೀಮೆಯನ್ನು ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆ ‘ಕೊಪಣ’ವನ್ನು ಹೆಸರಿಸಿ ಗುರುತಿಸುತ್ತದೆ, ಅದೂ ಮಹಾನಗರವೆಂದು. ಹಳೆಯ ರೂಪ ಕೊಪಣ. ಬಿಡಿಸುವುದಾದರೆ ಅದನ್ನು ಬಿಡಿಸಬೇಕು, ಇವತ್ತಿನ ಕೊಪ್ಪಳವನ್ನಲ್ಲ. ಒಂಡರ್‌ವೆಯ್ಜೆನ್ ಕೂಡ ನಡುಗಾಲದ ಡಚ್ಚಿನಲ್ಲಿ ‘ಒಂಡರ್‌ವೀಸೆನ್’ ಎಂದು ಕ್ರಿಯಾಪದವಾಗಿ ಸಿಗುತ್ತದೆ. ದೀರ್ಘ ‘ಈ’ ಸ್ವರ ಮುಂದೆ ‘ಎಯ್’ ಆಯಿತು. ಹಳೆಯ ರೂಪ ಕೈಗೆ ಸಿಗದಿದ್ದರೆ ಆ ಪದವನ್ನು ಬಿಡಿಸದೆ ಬಿಡುವುದೇ ಸರಿ. ಕನ್ನಡಕ್ಕೆ 1894ರ ಕಿಟೆಲ್ ನಿಘಂಟು ಇಂದಿಗೂ ಮೊದಲ ಬಾಗಿಲು. ಡಚ್ಚರ ದೊಡ್ಡ ನಿಘಂಟಿನ ಮೊದಲ ಕಂತು 1864ರಲ್ಲಿ ಬಂದು, ಕೆಲಸ ಮುಗಿದದ್ದು 1998ರಲ್ಲಿ. 40ಕ್ಕೂ ಹೆಚ್ಚು ಸಂಪುಟಗಳು, ಪ್ರತಿ ಪದಕ್ಕೂ ಬಳಕೆಯ ಸಾಲುಗಳ ಸಾಕ್ಷಿ. ಅಷ್ಟು ಜನ ಅಷ್ಟು ವರ್ಷ ಕೂತು ಮಾಡಿದ ಕೆಲಸ ಈಗ ಮೊಬೈಲಿನಲ್ಲಿಯೇ ನೋಡಲು ಸಿಗುತ್ತದೆ. ಒಂದು ಪದ ಅಚ್ಚಿಗೆ ಹೋಗುವ ಮುನ್ನ ಹತ್ತು ನಿಮಿಷ ಅಲ್ಲಿ ನೋಡುವುದು ಕಷ್ಟವಲ್ಲ.

ದಯವಿಟ್ಟು ಅದೇ ಪುಟದಲ್ಲಿ ಈ ತಿದ್ದುಪಡಿ ಹಾಕಿ: ‘ಒಂಡರ್‌ವೆಯ್ಸ್ ಎಂಬುದು ಒಂಡರ್‌ವೆಯ್ಜೆನ್ ಎಂಬ ಕ್ರಿಯಾಪದದಿಂದ ಬಂದ ನಾಮಪದ. ಇದರಲ್ಲಿ ವೆಯ್ಜೆನ್ ಎಂದರೆ ತೋರಿಸು. ಒಂಡರ್ ಇಲ್ಲಿ ಕೆಳಗೆ ಎಂಬರ್ಥದ್ದಲ್ಲ, ಸಂಸ್ಕೃತದ ಅಂತರ್ ಬಳಗದ ನಡುವೆ ಎಂಬರ್ಥದ್ದು. ವೆಯ್ಜೆನ್‌ನ ಬೇರು ವಿದ್ಯೆ, ವೇದ ಪದಗಳ ಬೇರಿನದೇ.’

ಇಂತಿ,
ಭಾಷಾ ವಿಷಯದ ಕೆಲವು ಶಿಕ್ಷಕರು
ಕೊಪ್ಪಳ